ಹೈಸ್ಕೂಲ್ ಮಕ್ಕಳಿಗೆ ವಿದೇಶಾಂಗ ನೀತಿಯ ಚರ್ಚೆ ಮಾಡಿಸುವುದು ಹೇಗೆ? ಗೋವಾ 1961 ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಶಾಲೆಗಳ ಚರ್ಚಾಸ್ಪರ್ಧೆ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ‘ಮಾನ್ಯ ಅಧ್ಯಕ್ಷರೇ, ನಿರ್ಣಾಯಕರೇ’ ಅಂತ ಶುರುವಾಗುತ್ತದೆ. ಮನೆಯಲ್ಲಿ ಅಪ್ಪನೋ ಅಕ್ಕನೋ ಬರೆದುಕೊಟ್ಟ ಮೂರು ನಿಮಿಷದ ಭಾಷಣವನ್ನು ಬಾಯಿಪಾಠ ಒಪ್ಪಿಸಿ ಮುಗಿಯುತ್ತದೆ. ಎದುರಿನವರು ಏನು ಹೇಳಿದರು ಅಂತ ಯಾರೂ ಕೇಳಿಸಿಕೊಂಡಿರುವುದಿಲ್ಲ. ದನಿ ಚೆನ್ನಾಗಿದ್ದವರಿಗೆ ಬಹುಮಾನ. ಇದರಿಂದ ಸಭಾಕಂಪ ಹೋಗಬಹುದು, ಆದರೆ ಯೋಚನೆ ಮಾಡುವುದು ಬರುವುದಿಲ್ಲ.

ನಾನು ಗೋವಾದ ವಾಸ್ಕೋದಲ್ಲಿ 8, 9, 10ನೇ ತರಗತಿಯ ಕನ್ನಡದ ಮಕ್ಕಳ ಜೊತೆ ಭಾನುವಾರ ಕೂರುತ್ತೇನೆ. ಹೆಚ್ಚಿನವರ ಮನೆಯವರು ಬಾಗಲಕೋಟೆ, ಗದಗ, ವಿಜಯಪುರದ ಕಡೆಯಿಂದ ಬಂದವರು, ಬಂದರಿನಲ್ಲೋ ಕಟ್ಟಡದ ಕೆಲಸದಲ್ಲೋ ಇರುವವರು. ಈ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ ಮತ್ತು ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್ ಅಂತ ದಿನವಿಡೀ ಭಾಷೆ ಬದಲಾಯಿಸುತ್ತಾ ಓಡಾಡುವವರು. ವಿದೇಶಾಂಗ ನೀತಿ ಅಂದರೆ ದೆಹಲಿಯ ದೊಡ್ಡವರ ವಿಷಯ ಅಂತ ಅವರೂ ಅಂದುಕೊಂಡಿರುತ್ತಾರೆ, ಅವರ ಮೇಷ್ಟ್ರುಗಳೂ ಅಂದುಕೊಂಡಿರುತ್ತಾರೆ. ನನಗಂತೂ ವಿಮರ್ಶೆ ಮಾಡುವ ಬುದ್ಧಿ ಬೆಳೆಸಲು ಇದಕ್ಕಿಂತ ಒಳ್ಳೆಯ ವಿಷಯ ಇನ್ನೊಂದಿಲ್ಲ ಅನಿಸುತ್ತದೆ. ಇಲ್ಲಿ ಯಾವ ನಿರ್ಧಾರಕ್ಕೂ ಪೂರ್ತಿ ಮಾಹಿತಿ ಸಿಗುವುದಿಲ್ಲ, ಯಾವ ದಾರಿಯೂ ಪುಕ್ಕಟೆ ಅಲ್ಲ, ಮತ್ತು ಎದುರಿನವನಿಗೂ ಅವನದೇ ಕಾರಣಗಳಿರುತ್ತವೆ.

ಮೊದಲು ಪ್ರಶ್ನೆ ಆರಿಸಿ

ಎಲ್ಲರೂ ಜಗಳವಾಡುವ ವಿಷಯವನ್ನು ಹುಡುಕಿಕೊಂಡು ಹೋಗಬೇಡಿ. ಮಕ್ಕಳೆಲ್ಲ ಈಗಾಗಲೇ ಒಪ್ಪಿಕೊಂಡಿರುವ ವಿಷಯ ತೆಗೆದುಕೊಳ್ಳಿ. ಒಪ್ಪಿಕೊಂಡ ಮಾತಿಗೆ ಯಾರೂ ಅವರನ್ನು ಕಾರಣ ಕೇಳಿರುವುದಿಲ್ಲ, ಅವರೂ ಕೇಳಿಕೊಂಡಿರುವುದಿಲ್ಲ. 1961ರ ಡಿಸೆಂಬರ್ ತನಕ ಗೋವಾ ಪೋರ್ಚುಗಲ್‌ನ ಆಳ್ವಿಕೆಯಲ್ಲಿತ್ತು, ಆಗ ಭಾರತ ಸೇನೆ ಕಳಿಸಿ ಅದನ್ನು ತೆಗೆದುಕೊಂಡಿತು. ‘ಭಾರತ ಗೋವಾಕ್ಕೆ ಸೇನೆ ಕಳಿಸಿದ್ದು ಸರಿಯೇ?’ ಅಂತ ಕೇಳಿ ನೋಡಿ. ಇಡೀ ತರಗತಿ ಹೌದು ಅನ್ನುತ್ತದೆ. ಯಾಕೆ ಅಂದರೆ ‘ಗೋವಾ ನಮ್ಮದು’ ಅನ್ನುತ್ತಾರೆ. ನಮ್ಮದು ಅಂತ ಯಾವ ಲೆಕ್ಕದಲ್ಲಿ ಅಂದರೆ ಸುಮ್ಮನಾಗುತ್ತಾರೆ. ಉತ್ತರ ಸರಿಯಾಗಿಯೇ ಇರಬಹುದು, ನಾನೂ ಅದೇ ಉತ್ತರದವನು. ಆದರೆ ಕಾರಣ ಗೊತ್ತಿಲ್ಲದ ಸರಿ ಉತ್ತರ ನಾಳೆ ಇನ್ಯಾವುದೋ ಫಾರ್ವರ್ಡ್ ಬಂದಾಗ ಕೈಕೊಡುತ್ತದೆ.

ಪ್ರಶ್ನೆಯನ್ನು ‘ಸರಿಯೇ, ತಪ್ಪೇ’ ಅಂತ ಇಡುವ ಬದಲು ಒಂದು ದಿನಾಂಕಕ್ಕೆ ಕಟ್ಟಿ. ನಾನು ಇಡುವುದು ಹೀಗೆ: ‘ಇವತ್ತು 1961ರ ಡಿಸೆಂಬರ್ 1. ಭಾರತ ಗೋವಾಕ್ಕೆ ಸೇನೆ ಕಳಿಸಬೇಕೇ, ಇನ್ನೂ ಕಾಯಬೇಕೇ?’ ದಿನಾಂಕ ಹಾಕಿದ ಕೂಡಲೇ ಎಲ್ಲ ಬದಲಾಗುತ್ತದೆ. ಮುಂದೆ ಏನಾಯಿತು ಅಂತ ಮಕ್ಕಳಿಗೆ ಗೊತ್ತು, ಆದರೆ ಅದನ್ನು ಬಳಸುವ ಹಾಗಿಲ್ಲ. ಎರಡು ದಿನಕ್ಕೆ ಕಾರ್ಯಾಚರಣೆ ಮುಗಿಯುತ್ತದೆ, ಎರಡೂ ಕಡೆ ಸೇರಿ ಸತ್ತವರು 100ಕ್ಕಿಂತ ಕಡಿಮೆ ಅನ್ನುವುದು ಆ ದಿನ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಗೆದ್ದೆವು ಅನ್ನುವ ಕಾರಣಕ್ಕೆ ಮೊದಲಿನ ನಿರ್ಧಾರ ಸರಿ ಅನ್ನುವ ಅಭ್ಯಾಸ ದೊಡ್ಡವರಲ್ಲೇ ಜಾಸ್ತಿ. ಅದನ್ನು ಮುರಿಯುವುದಕ್ಕೆ ಈ ದಿನಾಂಕದ ನಿಯಮವೇ ಸಾಕು. ಯಾರಾದರೂ ಡಿಸೆಂಬರ್ 1ರ ನಂತರದ ಸಂಗತಿ ಹೇಳಿದರೆ ಎದುರಿನ ತಂಡ ‘ತಾರೀಖು!’ ಅಂತ ಕೂಗಬಹುದು. ಮಕ್ಕಳಿಗೆ ಇದು ಭಾರಿ ಖುಷಿ.

ಮಾಹಿತಿ ಚೀಟಿ ತಯಾರಿಸಿ

ಇದು ನಿಮ್ಮ ಕೆಲಸ, ಮತ್ತು ಇಡೀ ಪಾಠದಲ್ಲಿ ಜಾಸ್ತಿ ಸಮಯ ಬೇಡುವುದು ಇದೇ. ಪುಸ್ತಕ ಕೊಟ್ಟು ಓದಿಕೊಂಡು ಬನ್ನಿ ಅಂದರೆ ಮೂರು ಮಕ್ಕಳು ಓದುತ್ತಾರೆ, ಉಳಿದವರು ಆ ಮೂವರನ್ನು ಕೇಳುತ್ತಾರೆ. ಒಂದು ಚೀಟಿಗೆ ಒಂದೇ ಸಂಗತಿ ಬರೆದು ಹದಿನೈದು ಚೀಟಿ ಮಾಡಿ. ಎಲ್ಲರ ಕೈಗೂ ಒಂದು ಪೂರ್ತಿ ಕಟ್ಟು ಹೋಗಲಿ. ಇಂಗ್ಲಿಷ್‌ನಲ್ಲಿ ಓದಿ ಕನ್ನಡದಲ್ಲಿ ವಾದ ಮಾಡಿದರೂ ತೊಂದರೆ ಇಲ್ಲ, ಒಂದು ಭಾಷೆಯಲ್ಲಿ ಓದಿದ್ದನ್ನು ಇನ್ನೊಂದರಲ್ಲಿ ಹೇಳಬೇಕಾದರೆ ಅರ್ಥ ಆಗಿರಲೇಬೇಕು ಅಲ್ವಾ.

ನನ್ನ ಕಟ್ಟಿನಲ್ಲಿ ಇರುವ ಕೆಲವು ಹೀಗಿವೆ. ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟವಾದ ನ್ಯಾಟೋವನ್ನು 1949ರಲ್ಲಿ ಕಟ್ಟಿದ ದೇಶಗಳಲ್ಲಿ ಪೋರ್ಚುಗಲ್ ಒಂದು. 1950ರಲ್ಲಿ ಭಾರತ ಗೋವಾ ಕುರಿತು ಮಾತುಕತೆಗೆ ಕರೆಯಿತು, ಪೋರ್ಚುಗಲ್ ಒಪ್ಪಲಿಲ್ಲ. 1951ರಲ್ಲಿ ಅದು ತನ್ನ ಸಂವಿಧಾನವನ್ನೇ ತಿದ್ದಿ, ಗೋವಾ ವಸಾಹತು ಅಲ್ಲ, ಸಮುದ್ರದಾಚೆಯ ನಮ್ಮ ಪ್ರಾಂತ ಅಂದಿತು. 1953ರಲ್ಲಿ ಭಾರತ ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನಲ್ಲಿದ್ದ ತನ್ನ ರಾಜತಾಂತ್ರಿಕ ಕಚೇರಿ ಮುಚ್ಚಿತು. 1955ರ ಆಗಸ್ಟ್ 15ರಂದು ಗಡಿ ದಾಟಿದ ನಿಶ್ಶಸ್ತ್ರ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ 20ಕ್ಕೂ ಹೆಚ್ಚು ಜನ ಸತ್ತರು. ಪತ್ರಾದೇವಿಯಲ್ಲಿ ಅವರ ಸ್ಮಾರಕ ಇದೆ. ಭಾರತ ಆರ್ಥಿಕ ದಿಗ್ಬಂಧನ ಹಾಕಿತು, ಆದರೆ ಗೋವಾದ ಅದಿರು ಜಪಾನಿಗೆ ಹೋಗುತ್ತಲೇ ಇತ್ತು, ಆಲೂಗಡ್ಡೆ ನೆದರ್ಲೆಂಡ್ಸ್‌ನಿಂದ ಬರುತ್ತಿತ್ತು. 1960ರ ಡಿಸೆಂಬರ್‌ನಲ್ಲಿ ವಸಾಹತುಗಳಿಗೆ ಸ್ವಾತಂತ್ರ್ಯ ಕೊಡಬೇಕು ಅನ್ನುವ ವಿಶ್ವಸಂಸ್ಥೆಯ 1514ನೇ ನಿರ್ಣಯ 89 ಮತಗಳಿಂದ ಪಾಸಾಯಿತು. ವಿರುದ್ಧ ಒಂದೂ ಮತ ಬೀಳಲಿಲ್ಲ, ಪೋರ್ಚುಗಲ್ ಸೇರಿ 9 ದೇಶ ತಟಸ್ಥ. ಇನ್ನೊಂದು ಚೀಟಿ: ಒಂದು ದೇಶ ಇನ್ನೊಂದರ ನೆಲದ ಮೇಲೆ ಬಲ ಪ್ರಯೋಗಿಸಬಾರದು ಅಂತ ವಿಶ್ವಸಂಸ್ಥೆಯ ಸನ್ನದು ಹೇಳುತ್ತದೆ. ಭಾರತ ಅದಕ್ಕೆ ಸಹಿ ಹಾಕಿದೆ.

1961ರ ನವೆಂಬರ್ ಚೀಟಿ ಕಾರವಾರದ ಕಡೆಯ ಮಕ್ಕಳಿಗೆ ಹತ್ತಿರದ್ದು. ಕಾರವಾರದ ಎದುರಿಗೇ ಇರುವ ಅಂಜುದೀವ್ ದ್ವೀಪದಿಂದ ಪೋರ್ಚುಗೀಸರು ಭಾರತದ ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿಸಿದರು. ಅದೇ ತಿಂಗಳು ಒಬ್ಬ ಮೀನುಗಾರ ಅಲ್ಲಿಯ ಗುಂಡಿಗೆ ಸತ್ತ.

ಎರಡು ಕಡೆಯವರೂ ತಮ್ಮದು ಅಂತ ಎಳೆದಾಡುವ ಚೀಟಿ ಒಂದಾದರೂ ಇರಲೇಬೇಕು. ನಾನು ಹಾಕುವುದು 1960ರ ಏಪ್ರಿಲ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ತೀರ್ಪು. ಸುತ್ತಲೂ ಭಾರತದ ನೆಲವೇ ಇದ್ದ ತನ್ನ ತುಂಡುಗಳಾದ ದಾದ್ರಾ ಮತ್ತು ನಗರ ಹವೇಲಿಗೆ ಹೋಗುವ ದಾರಿ ಬಗ್ಗೆ ಪೋರ್ಚುಗಲ್ ಹೂಡಿದ ದಾವೆ ಅದು. ನಾಗರಿಕರನ್ನೂ ಸಾಮಾನನ್ನೂ ಭಾರತದ ನೆಲದ ಮೂಲಕ ಸಾಗಿಸುವ ಹಕ್ಕು ಪೋರ್ಚುಗಲ್‌ಗೆ ಇತ್ತು, ಸೇನೆಯನ್ನು ಸಾಗಿಸುವ ಹಕ್ಕು ಇರಲಿಲ್ಲ, ಭಾರತ ತಡೆದದ್ದು ತಪ್ಪಲ್ಲ ಅಂತ ನ್ಯಾಯಾಲಯ ಹೇಳಿತು. ಪೋರ್ಚುಗಲ್ ತಂಡ ‘ನಮ್ಮ ಹಕ್ಕನ್ನು ನ್ಯಾಯಾಲಯವೇ ಒಪ್ಪಿದೆ’ ಅನ್ನುತ್ತದೆ, ಭಾರತದ ತಂಡ ‘ನಮ್ಮದು ತಪ್ಪಲ್ಲ ಅಂದಿದೆ’ ಅನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೆ ಇಬ್ಬರೂ ಅರ್ಧ ಓದುತ್ತಿದ್ದಾರೆ. ಒಂದೇ ಕಾಗದದಿಂದ ಎರಡು ಅರ್ಧ ಹೇಗೆ ಬರುತ್ತದೆ ಅಂತ ಮಕ್ಕಳು ತಮ್ಮ ಕಣ್ಣಾರೆ ನೋಡಬೇಕು. ಆಮೇಲೆ ಟಿವಿ ಸುದ್ದಿ ನೋಡುವ ಅವರ ರೀತಿಯೇ ಬೇರೆ ಆಗುತ್ತದೆ.

ಚೀಟಿಯ ಕೆಳಗೆ ಮಾಹಿತಿ ಎಲ್ಲಿಂದ ಬಂತು ಅಂತ ಬರೆಯಿರಿ. ಸರ್ಕಾರದ ಹೇಳಿಕೆಯೋ, ಪತ್ರಿಕೆಯೋ, ನ್ಯಾಯಾಲಯದ ತೀರ್ಪೋ, ಯಾರದೋ ನೆನಪೋ.

ಕುರ್ಚಿ ಹಾಕಿ

ಪರ-ವಿರೋಧ ಅಂತ ಎರಡು ಬಣ ಮಾಡಿದರೆ ಮತ್ತೆ ಹಳೇ ಚರ್ಚಾಸ್ಪರ್ಧೆಯೇ ಆಗುತ್ತದೆ. ಆರು ಕುರ್ಚಿ ಹಾಕಿ: ಭಾರತ, ಪೋರ್ಚುಗಲ್, ಅಮೆರಿಕ, ಸೋವಿಯತ್ ಒಕ್ಕೂಟ, ಆಗ ತಾನೇ ಸ್ವತಂತ್ರವಾದ ಒಂದು ಆಫ್ರಿಕನ್ ದೇಶ, ಮತ್ತು ಗೋವಾದ ಜನ. ಪ್ರತಿ ಕುರ್ಚಿಗೆ ಮೂರೋ ನಾಲ್ಕೋ ಮಕ್ಕಳು, ಅಂದರೆ 24 ಮಕ್ಕಳ ತರಗತಿಗೆ ಸರಿಹೋಗುತ್ತದೆ. ಕುರ್ಚಿ ಚೀಟಿ ಎತ್ತಿ ಹಂಚಿ, ಆಯ್ಕೆ ಕೊಡಬೇಡಿ.

ಕೊನೆಯ ಕುರ್ಚಿಯನ್ನು ಎಲ್ಲರೂ ಮರೆಯುತ್ತಾರೆ. ಎರಡು ಸರ್ಕಾರ ಜಗಳ ಆಡುವಾಗ ಆ ನೆಲದಲ್ಲಿ ಬದುಕುವವರು ಏನಂದುಕೊಂಡಿದ್ದರು? ಅಲ್ಲೂ ಒಂದೇ ದನಿ ಇರಲಿಲ್ಲ. 1946ರ ಜೂನ್ 18ರಂದು ಮಡಗಾಂವ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಸಭೆ ಮಾಡಿದಾಗ ಬಂದವರಿದ್ದರು, ಹೋರಾಟ ಮಾಡಿ ಅಗ್ವಾದ ಜೈಲಿನಲ್ಲಿ ಕೂತವರಿದ್ದರು, ಮುಂಬೈಗೆ ದುಡಿಯಲು ಹೋಗಿ ಮನೆಗೆ ಹಣ ಕಳಿಸುವವರಿದ್ದರು, ಭಾರತಕ್ಕೆ ಸೇರಿದರೆ ನಮ್ಮ ಗುರುತೇ ಕರಗುತ್ತದೆ ಅಂತ ಹೆದರಿದವರೂ ಇದ್ದರು. ಈ ಕುರ್ಚಿಯ ನಾಲ್ಕು ಮಕ್ಕಳು ತಮ್ಮತಮ್ಮಲ್ಲೇ ಒಪ್ಪದಿದ್ದರೆ ಹಾಗೇ ಬಿಡಿ.

ನಮ್ಮ ಕನ್ನಡ ಮಕ್ಕಳಿಗೆ ಇಲ್ಲಿ ಒಂದು ಕೆಲಸ ಕೊಡುತ್ತೇನೆ. ಅವರ ಅಜ್ಜ-ಅಜ್ಜಿ 1961ರಲ್ಲಿ ಬಾದಾಮಿಯಲ್ಲೋ ರೋಣದಲ್ಲೋ ಇದ್ದರು, ಅವರನ್ನು ಕೇಳಿ ಉಪಯೋಗವಿಲ್ಲ. ಪಕ್ಕದ ಮನೆಯ ಕೊಂಕಣಿ ಅಜ್ಜಿಯನ್ನೋ ಚರ್ಚಿನ ಹತ್ತಿರದ ಹಿರಿಯರನ್ನೋ ಕೇಳಬೇಕು: ಆಗ ನಿಮಗೆಷ್ಟು ವಯಸ್ಸು, ಮನೆಯಲ್ಲಿ ಏನು ಮಾತಾಡುತ್ತಿದ್ದರು, ದಾಬೋಳಿ ವಿಮಾನ ನಿಲ್ದಾಣದ ರನ್‌ವೇ ಮೇಲೆ ಬಾಂಬ್ ಬಿದ್ದದ್ದು ಕೇಳಿಸಿತೇ? ಉತ್ತರ ಬರೆದುಕೊಂಡು ಬಂದು, ಅದರಲ್ಲಿ ಅವರು ಕಣ್ಣಾರೆ ಕಂಡದ್ದು ಯಾವುದು, ಆಮೇಲೆ ಬೇರೆಯವರಿಂದ ಕೇಳಿ ಸೇರಿಸಿಕೊಂಡದ್ದು ಯಾವುದು ಅಂತ ಎರಡು ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯಬೇಕು. ನೆನಪೂ ಪುರಾವೆಯೇ, ಆದರೆ ಅದನ್ನೂ ಪರೀಕ್ಷೆ ಮಾಡಬೇಕು ಅನ್ನುವುದು ಹೀಗೆ ಮಾಡಿದರೆ ಬೇಗ ಅರ್ಥವಾಗುತ್ತದೆ. ಬಾಂಬಿನ ಪ್ರಶ್ನೆ ಡಿಸೆಂಬರ್ 18ರದ್ದು, ಹಾಗಾಗಿ ಅದನ್ನು ಚರ್ಚೆಯಲ್ಲಿ ಬಳಸುವಂತಿಲ್ಲ ಅಂತ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ!

ಮೂರು ಸಾಲಿನ ವಾದ

ಭಾಷಣ ಬರೆಸಬೇಡಿ. ಮೂರು ಸಾಲು ಬರೆಸಿ: ಹೇಳುವ ಮಾತು, ಅದಕ್ಕೆ ಪುರಾವೆ, ಮತ್ತು ಆ ಪುರಾವೆಯಿಂದ ಈ ಮಾತಿಗೆ ಹೇಗೆ ಬಂದಿರಿ ಅನ್ನುವ ಕೊಂಡಿ. ಮಕ್ಕಳು ಮೊದಲ ಎರಡನ್ನು ಸುಲಭವಾಗಿ ಬರೆಯುತ್ತಾರೆ. ಮೂರನೆಯದರಲ್ಲೇ ಎಲ್ಲ ಇರುವುದು.

ಭಾರತದ ಕುರ್ಚಿಯ ಹುಡುಗ ಬರೆದ ಅಂತ ಇಟ್ಟುಕೊಳ್ಳಿ: ‘ಸೇನೆ ಕಳಿಸಲೇಬೇಕು. ಯಾಕೆಂದರೆ 1950ರಿಂದ ಮಾತುಕತೆಗೆ ಪೋರ್ಚುಗಲ್ ಒಪ್ಪಿಲ್ಲ.’ ಇಲ್ಲಿ ನಿಲ್ಲಿಸಿ ಕೇಳಿ. ಹನ್ನೊಂದು ವರ್ಷ ಒಪ್ಪಿಲ್ಲ, ನಿಜ. ಹನ್ನೆರಡನೇ ವರ್ಷ ಒಪ್ಪುವುದಿಲ್ಲ ಅಂತ ಹೇಗೆ ಹೇಳುತ್ತೀಯ? ಆಗ ಅವನು 1951ರ ಸಂವಿಧಾನದ ಚೀಟಿ ಹುಡುಕುತ್ತಾನೆ: ತನ್ನದೇ ಪ್ರಾಂತ ಅಂತ ಸಂವಿಧಾನದಲ್ಲಿ ಬರೆದುಕೊಂಡ ಮೇಲೆ, ಬಿಟ್ಟುಕೊಡುವ ಮಾತನ್ನೇ ಅವರು ಆಡುವ ಹಾಗಿಲ್ಲ. ಚೆನ್ನಾಗಿದೆ, ಈಗ ಕೊಂಡಿ ಬಂತು. ಇನ್ನೊಂದು ಪ್ರಶ್ನೆ: ಮಾತುಕತೆ ಆಗಲ್ಲ ಅಂದರೆ ಉಳಿದಿರುವುದು ಸೇನೆ ಒಂದೇನಾ? ದಿಗ್ಬಂಧನ ಬಿಗಿ ಮಾಡಬಹುದಿತ್ತಲ್ಲ? ಅವನು ಆಲೂಗಡ್ಡೆ ಚೀಟಿ ತೆಗೆಯುತ್ತಾನೆ. ಆಗ ಅಮೆರಿಕದ ಕುರ್ಚಿಯ ಹುಡುಗಿ ಎದ್ದು, ಆಲೂಗಡ್ಡೆ ಬರುತ್ತಿತ್ತು ಅಂದರೆ ದಿಗ್ಬಂಧನ ಸೋತಿತು ಅಂತಲೋ, ಪೋರ್ಚುಗಲ್‌ಗೆ ಖರ್ಚು ಜಾಸ್ತಿ ಆಗುತ್ತಿತ್ತು ಅಂತಲೋ, ಎರಡೂ ಅರ್ಥ ಆಗಬಹುದಲ್ಲ ಅಂತ ಕೇಳುತ್ತಾಳೆ. ಇಷ್ಟು ನಡೆಯಿತು ಅಂದರೆ ಆ ಭಾನುವಾರ ನನಗೆ ಸಾಕು.

ಕಾರಣವನ್ನು ಬಿಟ್ಟು ಮನುಷ್ಯನ ಉದ್ದೇಶಕ್ಕೆ ಹೋಗುವುದು ಮಕ್ಕಳ ಇನ್ನೊಂದು ಚಾಳಿ. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ 1962ರ ಫೆಬ್ರವರಿಯ ಚುನಾವಣೆಗೆ ಉತ್ತರ ಮುಂಬೈನಲ್ಲಿ ಜೆ.ಬಿ. ಕೃಪಲಾನಿ ಎದುರು ನಿಲ್ಲುವವರಿದ್ದರು. ‘ಓಟಿಗಾಗಿ ಯುದ್ಧ’ ಅಂತ ಆಗಲೂ ಕೆಲವರು ಅಂದರು. ಇದನ್ನು ಪೋರ್ಚುಗಲ್ ಕುರ್ಚಿ ಖಂಡಿತ ಬಳಸುತ್ತದೆ. ಬಳಸಲಿ. ಆಮೇಲೆ ಬೋರ್ಡಿನ ಮೇಲೆ ಎರಡು ಪ್ರಶ್ನೆ ಬರೆಯಿರಿ: ಓಟು ಬೇಕಿತ್ತು ಅನ್ನುವುದು ನಿಜವೇ ಆಗಿದ್ದರೂ, ಸೇನೆ ಕಳಿಸುವ ಕಾರಣ ಸುಳ್ಳಾಗುತ್ತದೆಯೇ? ಉದ್ದೇಶ ತೀರಾ ಒಳ್ಳೆಯದೇ ಆಗಿದ್ದರೂ, ಕಾರಣ ಸರಿಯಾಗಿಬಿಡುತ್ತದೆಯೇ? ತಪ್ಪು ತರ್ಕಗಳ ಹೆಸರುಗಳ ಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಚರ್ಚೆಯ ದಿನ

40 ನಿಮಿಷದ ಪಿರಿಯಡ್ ಆದರೆ ನಾಲ್ಕು ಬೇಕು: ಒಂದು ಚೀಟಿ ಓದಲು, ಒಂದು ವಾದ ಬರೆಯಲು, ಒಂದು ಚರ್ಚೆಗೆ, ಒಂದು ಕುರ್ಚಿ ಬದಲಾಯಿಸಿ ಮತ್ತೆ ಚರ್ಚೆಗೆ. ಚರ್ಚೆಯ ಪಿರಿಯಡ್‌ನಲ್ಲಿ ಪ್ರತಿ ಕುರ್ಚಿಗೆ ಎರಡು ನಿಮಿಷ ಮಾತು, ಮೂರು ನಿಮಿಷ ಪ್ರಶ್ನೆ. ಪ್ರಶ್ನೆಯ ಸಮಯ ಮಾತಿನ ಸಮಯಕ್ಕಿಂತ ಜಾಸ್ತಿ ಇರಲಿ. ಪ್ರಶ್ನೆ ಕೇಳುವ ಮೊದಲು ‘ನೀವು ಹೇಳಿದ್ದು ಹೀಗೆ, ಸರಿನಾ?’ ಅಂತ ಎದುರಿನವರ ಮಾತನ್ನು ಅವರೇ ಒಪ್ಪುವ ಹಾಗೆ ಹೇಳಬೇಕು. ಅವರು ತಲೆ ಆಡಿಸಿದ ಮೇಲೇ ಪ್ರಶ್ನೆ. ಮೊದಮೊದಲು ಇದರಿಂದ ತುಂಬಾ ನಿಧಾನವಾಗುತ್ತದೆ, ಮಕ್ಕಳು ಗೊಣಗುತ್ತಾರೆ, ಆದರೂ ಬಿಡಬೇಡಿ.

ಕುರ್ಚಿ ಬದಲಾಯಿಸುವುದನ್ನು ಮಾತ್ರ ಸಮಯ ಸಾಲಲಿಲ್ಲ ಅಂತ ಕೈಬಿಡಬೇಡಿ. ಭಾರತದವರು ಪೋರ್ಚುಗಲ್‌ಗೆ, ಅಮೆರಿಕದವರು ಸೋವಿಯತ್‌ಗೆ, ಗೋವಾದವರು ಆಫ್ರಿಕಾಕ್ಕೆ, ಮತ್ತು ಅಲ್ಲಿದ್ದವರು ಇಲ್ಲಿಗೆ. ಈಗ ತಾನೇ ತಾವೇ ಮಾಡಿದ ವಾದದಲ್ಲಿ ಎಲ್ಲಿ ತೂತಿದೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಕೊನೆಗೆ ಮತಪಟ್ಟಿ

ಚರ್ಚೆ ಮುಗಿದ ಮೇಲೆ ದಿನಾಂಕದ ನಿಯಮ ತೆಗೆಯಿರಿ. ಡಿಸೆಂಬರ್ 18ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಏನಾಯಿತು ಅಂತ ಒಂದು ಹಾಳೆ ಹಂಚಿ. ಗುಂಡಿನ ಕಾಳಗ ನಿಲ್ಲಿಸಿ, ಭಾರತ ಸೇನೆ ವಾಪಸ್ ಕರೆಸಲಿ ಅನ್ನುವ ನಿರ್ಣಯಕ್ಕೆ ಏಳು ಮತ ಬಿತ್ತು: ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿ, ಚಿಲಿ, ಈಕ್ವೆಡಾರ್, ಚೀನಾ. ವಿರುದ್ಧ ನಾಲ್ಕು: ಸೋವಿಯತ್ ಒಕ್ಕೂಟ, ಸಿಲೋನ್ (ಈಗಿನ ಶ್ರೀಲಂಕಾ), ಲೈಬೀರಿಯಾ, ಸಂಯುಕ್ತ ಅರಬ್ ಗಣರಾಜ್ಯ (ಈಗಿನ ಈಜಿಪ್ಟ್). ಆಗ ಮಂಡಳಿಯಲ್ಲಿ ಇದ್ದದ್ದು 11 ದೇಶ, ಪಾಸಾಗಲು 7 ಮತ ಸಾಕಿತ್ತು. ಸೋವಿಯತ್ ವೀಟೋ (ಕಾಯಂ ಸದಸ್ಯ ದೇಶ ಬೇಡ ಅಂದರೆ ನಿರ್ಣಯ ಬಿದ್ದುಹೋಗುವ ಅಧಿಕಾರ) ಇಲ್ಲದಿದ್ದರೆ ನಿರ್ಣಯ ಪಾಸಾಗುತ್ತಿತ್ತು.

ಪ್ರತಿ ದೇಶ ಯಾಕೆ ಹಾಗೆ ಮತ ಹಾಕಿತು ಅಂತ ಒಂದೊಂದು ಸಾಲು ಊಹಿಸಿ ಬರೆಯಲು ಹೇಳಿ. ಚೀನಾದ ಮುಂದೆ ಹೆಚ್ಚುಕಮ್ಮಿ ಎಲ್ಲರೂ ‘ನಮ್ಮ ಶತ್ರು, ಅದಕ್ಕೆ’ ಅಂತ ಬರೆಯುತ್ತಾರೆ. ತಪ್ಪು ಅನ್ನಬೇಡಿ. ‘ಆ ಕುರ್ಚಿಯಲ್ಲಿ ಕೂತಿದ್ದವರು ಯಾವ ಊರಿನ ಸರ್ಕಾರದವರು?’ ಅಂತ ಕೇಳಿ, ಹುಡುಕಲು ಬಿಡಿ. 1971ರ ತನಕ ವಿಶ್ವಸಂಸ್ಥೆಯಲ್ಲಿ ಚೀನಾದ ಸ್ಥಾನ ತೈವಾನಿನ ಸರ್ಕಾರದ ಕೈಯಲ್ಲಿತ್ತು, ಬೀಜಿಂಗ್ ಅಲ್ಲಿ ಇರಲೇ ಇಲ್ಲ. ಅದು ಗೊತ್ತಾದ ಕ್ಷಣ ಮಕ್ಕಳು ಉಳಿದ ಹತ್ತು ಸಾಲನ್ನೂ ತಾವಾಗಿಯೇ ಮತ್ತೆ ನೋಡಲು ಶುರು ಮಾಡುತ್ತಾರೆ. ಅಷ್ಟು ಆತ್ಮವಿಶ್ವಾಸದಿಂದ ಬರೆದ ಒಂದು ಸಾಲು ಬಿದ್ದಿತಲ್ಲ, ಬೇರೆಯವು ಏನಾಗಿವೆಯೋ ಅಂತ. ಈ ಒಂದು ಅನುಮಾನಕ್ಕಾಗಿಯೇ ನಾನು ಇಡೀ ಪಾಠ ಮಾಡುವುದು.

ಇಲ್ಲೇ ಇನ್ನೊಂದು ಅಭ್ಯಾಸವನ್ನೂ ಹಾಕಿಕೊಡಿ. ‘ಪೋರ್ಚುಗಲ್ ಹೀಗಂದಿತು’ ಅಂತ ಯಾರಾದರೂ ಅಂದಾಗೆಲ್ಲ ‘ಪೋರ್ಚುಗಲ್ ಅಂದರೆ ಯಾರು?’ ಅಂತ ಕೇಳಿ. ಕೊನೆಯ ಮನುಷ್ಯ ಇರುವ ತನಕ ಹೋರಾಡಿ ಅಂತ ಪೋರ್ಚುಗಲ್‌ನ ಸರ್ವಾಧಿಕಾರಿ ಪ್ರಧಾನಿ ಸಲಾಜಾರ್ ಲಿಸ್ಬನ್‌ನಿಂದ ಆದೇಶ ಕೊಟ್ಟರು. ಗೋವಾದಲ್ಲಿದ್ದ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಅದನ್ನು ಪಾಲಿಸದೆ ಡಿಸೆಂಬರ್ 19ರ ಸಂಜೆ ಶರಣಾದರು. ಅದಕ್ಕೆ ಅವರನ್ನು ಸೇನೆಯಿಂದಲೇ ತೆಗೆದರು, ಪೋರ್ಚುಗಲ್‌ನಲ್ಲಿ 1974ರ ಕ್ರಾಂತಿಯಾದ ನಂತರವೇ ಅವರಿಗೆ ಗೌರವ ವಾಪಸ್ ಸಿಕ್ಕಿತು. ಇಬ್ಬರೂ ಪೋರ್ಚುಗಲ್ಲೇ. ದೇಶ ಬೇರೆ, ಸರ್ಕಾರ ಬೇರೆ, ಜನ ಬೇರೆ ಅನ್ನುವುದು ಗೋವಾ ವಿಷಯದಲ್ಲಿ ಒಮ್ಮೆ ತಲೆಗೆ ಹೋದರೆ ಪಾಕಿಸ್ತಾನ, ಚೀನಾ, ಬಾಂಗ್ಲಾದೇಶದ ಮಾತು ಬಂದಾಗಲೂ ಉಳಿಯುತ್ತದೆ.

ಬಿಸಿ ಏರಿದಾಗ

ಗೋವಾದಲ್ಲಿ ಈ ವಿಷಯ ಮಾತಾಡುವಾಗ ಹುಷಾರಾಗಿರಬೇಕು. 1961ಕ್ಕೆ ಮೊದಲು ಇಲ್ಲಿ ಹುಟ್ಟಿದವರ ಮನೆಯವರಿಗೆ ಪೋರ್ಚುಗೀಸ್ ಪೌರತ್ವ ಪಡೆಯುವ ಅವಕಾಶ ಇದೆ, ಎಷ್ಟೋ ಮನೆಯವರು ಅದನ್ನು ತೆಗೆದುಕೊಂಡು ದುಡಿಯಲು ಹೊರಗೆ ಹೋಗಿದ್ದಾರೆ. ತರಗತಿಯಲ್ಲಿ ಅಂಥ ಮನೆಯ ಮಗುವೂ ಇರುತ್ತದೆ. ಯಾರ ಧರ್ಮ, ಯಾರ ಪಾಸ್‌ಪೋರ್ಟ್, ಯಾರ ಮನೆಮಾತು ಅಂತ ಎತ್ತಿದರೆ ಆ ಕುರ್ಚಿ ಆ ದಿನ ಮಾತು ಕಳೆದುಕೊಳ್ಳುತ್ತದೆ. ಈ ನಿಯಮ ಮೊದಲೇ ಹೇಳಿ, ಒಂದು ಸಲವೂ ಸಡಿಲ ಬಿಡಬೇಡಿ. ಚರ್ಚೆ ಮುಗಿದ ಮೇಲೆ ಎಲ್ಲರೂ ತಮ್ಮ ಕುರ್ಚಿಯ ಹೆಸರಿನ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟು ಹೊರಗೆ ಹೋಗಲಿ. ಆಟದ ಮೈದಾನಕ್ಕೆ ಯಾರನ್ನೂ ‘ಸಲಾಜಾರ್’ ಅಂತ ಕರೆದುಕೊಂಡು ಹೋಗುವ ಹಾಗಿಲ್ಲ.

ಮನೆಯವರೂ ಬರುತ್ತಾರೆ. ‘ಏನ್ರೀ ಸರ್, ನಮ್ಮ ಹುಡುಗಗ ಪೋರ್ಚುಗೀಸರ ಪರ ಮಾತಾಡಾಕ ಹಚ್ಚೀರಂತ?’ ಅಂತ ಒಬ್ಬ ತಂದೆ ಕೇಳಿದರು. ಸಿಟ್ಟು ಇತ್ತು, ಅದಕ್ಕಿಂತ ಜಾಸ್ತಿ ಆತಂಕ ಇತ್ತು. ‘ಹೌದ್ರೀ ಅಣ್ಣಾರ. ಕೋರ್ಟಿನ್ಯಾಗ ಎದುರಿನ ವಕೀಲ ಏನ್ ಹೇಳ್ತಾನ ಅಂತ ಮೊದಲ ಗೊತ್ತಿದ್ರ ನಮ್ಮ ವಕೀಲ ಗಟ್ಟಿ ಆಗ್ತಾನಲ್ಲರಿ’ ಅಂದೆ. ಮುಂದಿನ ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಿರಿ ಅಂತಲೂ ಕರೆದೆ. ಮನೆಯವರನ್ನು ಕರೆಯಿರಿ, ಮುಚ್ಚಿಟ್ಟು ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ.

ಅಂಕ ಕೊಡುವುದು

ಗೆದ್ದವರು ಸೋತವರು ಅಂತ ಘೋಷಿಸಬೇಡಿ. ಶುರುವಿನಲ್ಲೇ ಪ್ರತಿ ಮಗು ಒಂದು ಹಾಳೆಯಲ್ಲಿ ತನ್ನ ಅಭಿಪ್ರಾಯ, ಅದರ ಮೇಲೆ ಹತ್ತಕ್ಕೆ ಎಷ್ಟು ನಂಬಿಕೆ, ಮತ್ತು ಏನು ಗೊತ್ತಾದರೆ ಅಭಿಪ್ರಾಯ ಬದಲಾದೀತು ಅಂತ ಮೂರು ಬರೆಯಲಿ. ಕೊನೆಗೆ ಅದೇ ಹಾಳೆಯ ಹಿಂದೆ ಮತ್ತೆ ಅದೇ ಮೂರು. ಅಭಿಪ್ರಾಯ ಬದಲಾಗದಿದ್ದರೆ ಅಂಕ ಕಡಿಮೆ ಅಲ್ಲ. ಮೊದಲು ‘ನಮ್ಮದು’ ಅಂತ ಬರೆದವಳು ಈಗ ಅದೇ ಉತ್ತರಕ್ಕೆ 1514ನೇ ನಿರ್ಣಯ ಮತ್ತು ಮೀನುಗಾರನ ಸಾವನ್ನು ಇಟ್ಟು, ಸನ್ನದಿನ ಮಾತು ತನ್ನ ವಾದಕ್ಕೆ ತೊಡಕು ಅಂತಲೂ ಬರೆದರೆ ಪೂರ್ತಿ ಅಂಕ. ಒಳ್ಳೆಯ ಪ್ರಶ್ನೆ ಕೇಳಿದವರಿಗೂ ಅಂಕ ಇರಲಿ. ಮಾತು ಬಾರದ, ಆದರೆ ಕಿವಿ ಚುರುಕಾದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ, ಅವರಿಗೆ ಹಳೇ ಚರ್ಚಾಸ್ಪರ್ಧೆ ಏನನ್ನೂ ಕೊಟ್ಟಿಲ್ಲ.

ಮುಂದಿನ ಸಲಕ್ಕೆ

ಗೋವಾ ಆದ ಮೇಲೆ ಇದೇ ಚೌಕಟ್ಟಿನಲ್ಲಿ ಬೇರೆ ಪ್ರಶ್ನೆಗಳು ಕೂರುತ್ತವೆ. 1971ರ ಏಪ್ರಿಲ್: ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಬರುತ್ತಿದ್ದಾರೆ, ಈಗಲೇ ಸೇನೆ ಕಳಿಸಬೇಕೇ, ಕಾಯಬೇಕೇ? 1974: ಭಾರತ-ಶ್ರೀಲಂಕಾ ನಡುವಿನ ಕಚ್ಚತೀವು ದ್ವೀಪ ಶ್ರೀಲಂಕಾಕ್ಕೆ ಸೇರಿದ್ದು ಅಂತ ಒಪ್ಪಬೇಕೇ? 1987ರ ಜುಲೈ: ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಕಳಿಸಬೇಕೇ? ಈ ಕೊನೆಯದನ್ನು ಖಂಡಿತ ಮಾಡಿಸಿ. ಗೋವಾದಲ್ಲಿ ಸೇನೆ ಕಳಿಸಿದ್ದು ಬೇಗ ಮುಗಿಯಿತು, ಶ್ರೀಲಂಕಾದಲ್ಲಿ ಹಾಗಾಗಲಿಲ್ಲ. ಎರಡನ್ನೂ ಮಾಡಿದ ಮಕ್ಕಳು ‘ಸೇನೆ ಕಳಿಸಿದರೆ ಆಯ್ತು’ ಅಂತ ಸುಲಭಕ್ಕೆ ಹೇಳುವುದಿಲ್ಲ.

ಈಗಿನ ಕಾಲದ ವಿಷಯವನ್ನು ಕೊನೆಗೆ ಇಟ್ಟುಕೊಳ್ಳಿ, ಕನಿಷ್ಠ ಎರಡು ಹಳೆಯ ವಿಷಯ ಮುಗಿದ ಮೇಲೆ. 2022ರ ಮಾರ್ಚ್ 2ರಂದು ಉಕ್ರೇನ್ ಕುರಿತು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 141 ದೇಶ ರಷ್ಯಾ ವಿರುದ್ಧದ ನಿರ್ಣಯದ ಪರ, 5 ವಿರುದ್ಧ, ಭಾರತ ಸೇರಿ 35 ತಟಸ್ಥ. ಇದಕ್ಕೆ ಚೀಟಿ ಮಾಡುವ ಕೆಲಸವನ್ನು ಮಕ್ಕಳಿಗೇ ಕೊಡಿ, ಅಷ್ಟು ಹೊತ್ತಿಗೆ ಅವರಿಗೆ ಕೈ ಕೂತಿರುತ್ತದೆ. 1961ರಲ್ಲಿ ನಮ್ಮ ಪರ ವೀಟೋ ಹಾಕಿದ್ದು ಯಾರು ಅನ್ನುವ ಚೀಟಿಯನ್ನು ಅವರು ಹಳೇ ಕಟ್ಟಿನಿಂದ ತೆಗೆದು ಇದರಲ್ಲಿ ಸೇರಿಸುತ್ತಾರೋ ಇಲ್ಲವೋ ಅಂತ ನೋಡುತ್ತಿರಿ. ಸೇರಿಸಿದರೆ ಕೊಂಡಿಯ ಸಾಲನ್ನೂ ಕೇಳಿ: ಹಳೇ ಉಪಕಾರ 61 ವರ್ಷದ ನಂತರದ ಮತಕ್ಕೆ ಕಾರಣ ಆಗಬಹುದೇ, ಆಗಬೇಕೇ?